ಬಾಗುವ ಹಿಟ್ಟು, ಬಾಗದ ಹಿಟ್ಟು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಶಿಗ್ಗಾವಿ ಸನಿಹದ ಗೊಟಗೋಡಿಗೆ ಬಂದವರು ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಬದುಕಿನ ಶಿಲ್ಪಗಳನ್ನು ನೋಡುತ್ತಾರೆ. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ ಇಲ್ಲೇ ಇದೆ. ಜನಪದರ ಜಾಣತನವನ್ನು ನಾನು ಮೊದಲು ಹುಡುಕುವುದು ರೊಟ್ಟಿಯಲ್ಲಿ. ಬರಿಟೊ, ವ್ರ್ಯಾಪ್, ಸ್ಯಾಂಡ್‌ವಿಚ್ ಎಂದು ಪಟ್ಟಣಗಳು ಬೇರ್ಪಡಿಸುವ ತಿನಿಸುಗಳ ಗುಟ್ಟನ್ನು ಈ ಸೀಮೆಯ ಅಡುಗೆಮನೆ ಎಂದೋ ಅರಿತಿದೆ.

ಅಮೆರಿಕದಲ್ಲಿ ಬರಿಟೊ ಸ್ಯಾಂಡ್‌ವಿಚ್ ಹೌದೋ ಅಲ್ಲವೋ ಎಂಬ ಪ್ರಶ್ನೆ ಕೋರ್ಟಿನವರೆಗೂ ಹೋಗಿತ್ತು. ಎರಡು ಬ್ರೆಡ್ಡಿನ ಹೋಳುಗಳ ನಡುವೆ ಇಟ್ಟರೆ ಸ್ಯಾಂಡ್‌ವಿಚ್, ಒಂದೇ ಟೊರ್ಟಿಯಾ ರೊಟ್ಟಿಯಲ್ಲಿ ಸುತ್ತಿದ ಬರಿಟೊ ಅದಲ್ಲ ಎಂದು 2006ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯಾಯಾಧೀಶರು ಹೇಳಿದರು. 2024ರಲ್ಲಿ ಇಂಡಿಯಾನಾದ ನ್ಯಾಯಾಧೀಶರು ಬರಿಟೊ, ಟಾಕೊ ಎರಡೂ ಮೆಕ್ಸಿಕೊ ಬಗೆಯ ಸ್ಯಾಂಡ್‌ವಿಚ್ಚೇ ಎಂದರು. ಇಬ್ಬರೂ ಆಕಾರವನ್ನು ನೋಡಿದರು. ನಾನು ಹಿಟ್ಟನ್ನು ನೋಡುತ್ತೇನೆ.

ಗೋದಿಯಲ್ಲಿ ಗ್ಲುಟೆನ್ ಇದೆ. ಕಣಕ ಹಿಗ್ಗುತ್ತದೆ, ತೆಳ್ಳಗೆ ಲಟ್ಟಿಸಿದರೂ ಹರಿಯದೆ ಬಾಗುತ್ತದೆ. ಗೋದಿ ಬೆಳೆದ ಉತ್ತರ ಮೆಕ್ಸಿಕೊದಲ್ಲಿ ಬರಿಟೊ ಬೆಳೆದದ್ದು ಅದಕ್ಕೇ: ಅನ್ನ, ಕಾಳು, ಮಾಂಸ ತುಂಬಿ ತುದಿಗಳನ್ನು ಒಳಗೆ ಮಡಚಿದರೂ ಅದು ತಾಳುತ್ತದೆ. ಗೋವಿನಜೋಳದ ಟೊರ್ಟಿಯಾಕ್ಕೆ ಆ ಗುಣವಿಲ್ಲ. ಅದು ಚಿಕ್ಕದಾಗಿ, ಅರ್ಧ ಮಡಚಿದ ಟಾಕೊ ಆಗುತ್ತದೆ. ವ್ರ್ಯಾಪ್ ಎಂಬುದು ಬರಿಟೊದ ಸಡಿಲ ರೂಪ. ತುದಿ ತೆರೆದಿದ್ದರೂ ನಡೆಯುತ್ತದೆ, ಒಳಗೆ ಏನು ಬೇಕಾದರೂ ಇರಬಹುದು. ನಮ್ಮ ಚಪಾತಿ–ಪಲ್ಯದ ಸುರುಳಿ ಆ ಕುಲದ್ದು. ಹುಬ್ಬಳ್ಳಿ ಕಡೆಯ ಪಾವ್–ಮಿರ್ಚಿ ಸ್ಯಾಂಡ್‌ವಿಚ್ಚಿನ ಸಾಲಿನದು. ಅಲ್ಲಿ ಉಬ್ಬಿದ ಬ್ರೆಡ್ಡು ಎಣ್ಣೆ, ಖಾರ ಎರಡನ್ನೂ ಹೀರಿಕೊಳ್ಳುತ್ತದೆ.

ಬಿಳಿಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಎಸರು ಕುದಿಸಿ ಹಿಟ್ಟಿಗೆ ಹಾಕುತ್ತಾರೆ. ಬಿಸಿನೀರಿಗೆ ಪಿಷ್ಟ ಜಿಗಿಯಾಗಿ ಹಿಟ್ಟು ಹಿಡಿದುಕೊಳ್ಳುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ ಬೇಯಿಸುತ್ತಾರೆ. ಈ ಜಿಗಿ ಬಿಸಿ ಇರುವಷ್ಟು ಹೊತ್ತೇ. ಆಗ ಬೆಣ್ಣೆ, ಶೇಂಗಾ ಚಟ್ನಿ ಸವರಿ ಸುರುಳಿ ಸುತ್ತಿ ಮಕ್ಕಳ ಕೈಗೆ ಕೊಡಬಹುದು. ಆರಿದ ರೊಟ್ಟಿಯನ್ನು ಸುತ್ತಹೋದರೆ ಬಿರಿಯುತ್ತದೆ. ಹೊಲಕ್ಕೆ ಬುತ್ತಿ ಕಟ್ಟುವವರು ಅದನ್ನು ಸುತ್ತುವುದಿಲ್ಲ. ನಡುವೆ ಪಲ್ಯ ಇಟ್ಟು ಮಡಚಿ ಬಟ್ಟೆಯಲ್ಲಿ ಬಿಗಿಯುತ್ತಾರೆ. ಎಣ್ಣೆಗಾಯಿಯ ರಸ ಇಳಿದು ಮಧ್ಯಾಹ್ನಕ್ಕೆ ರೊಟ್ಟಿ ಮೆತ್ತಗಾಗಿರುತ್ತದೆ. ಕಟಕ ರೊಟ್ಟಿಯನ್ನಂತೂ ಮುರಿದೇ ತಿನ್ನಬೇಕು. ಕೆನೆಮೊಸರು, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ ಜೊತೆಗಿದ್ದರೆ ಸಾಕು.

ಈಚೆಗೆ ಜೋಳದ ರೊಟ್ಟಿಯ ರೋಲ್ ಎಂದು ಮಾರುವವರಿಗೆ ನನ್ನ ಮಾತು ಇಷ್ಟೇ. ತಣ್ಣಗಾದ ಮೇಲೂ ಸುತ್ತಿಕೊಳ್ಳಲೆಂದು ಮೈದಾ ಬೆರೆಸಬೇಡಿ. ಜೋಳದ ರುಚಿಯೇ ಮಂಕಾಗುತ್ತದೆ. ಹಂಚಿನಿಂದ ಇಳಿದ ತಕ್ಷಣ ಸುತ್ತಿ ಕೊಡಿ, ಇಲ್ಲವೇ ಮಡಚಿ ಕೊಡಿ. ತಿನ್ನುವವರು ಅದಕ್ಕಾಗಿ ಐದು ನಿಮಿಷ ಕಾಯಲಿ. ಬಿಸಿ ರೊಟ್ಟಿಗೆ ಅಷ್ಟು ಮರ್ಯಾದೆ ಸಲ್ಲಬೇಕು.