ಹಂಪೆಯ ಗುಡಿಗಳ ದಿಕ್ಕೂ ವರ್ತುಲಗಣಿತವೂ

ದಿಕ್ಕುಗಳನ್ನು ಸಾಮಾನ್ಯ ಸಂಖ್ಯೆಗಳಂತೆ ಎಣಿಸಲಾಗದು. 359 ಅಂಶಕ್ಕೂ 1 ಅಂಶಕ್ಕೂ ಸರಾಸರಿ 180 ಎಂದರೆ ಉತ್ತರವೇ ದಕ್ಷಿಣವಾದೀತು. ಈ ಕೊರತೆಯನ್ನು ನೀಗುವುದು 1918ರಲ್ಲಿ ಫಾನ್ ಮೀಸೆಸ್ ಎಂಬ ವಿದ್ವಾಂಸನು ನಿರೂಪಿಸಿದ ವರ್ತುಲ ವಿತರಣೆ. ಆರ್ ತಂತ್ರಾಂಶದ ‘ಸರ್ಕ್ಯುಲರ್’ ಪ್ಯಾಕೇಜು ಇದನ್ನು ಕ್ಷಣಾರ್ಧದಲ್ಲಿ ಅಳವಡಿಸುತ್ತದೆ. ಆ ವೇಗವೇ ಮೋಸದ ಮೂಲ. ಹಂಪೆಯಲ್ಲಿ ವಿರೂಪಾಕ್ಷ, ವಿಠ್ಠಲ, ಕೃಷ್ಣ, ಹಜಾರರಾಮ ಗುಡಿಗಳು ಪೂರ್ವಾಭಿಮುಖ. ಅಚ್ಯುತರಾಯನ ಕಾಲದ ತಿರುವೆಂಗಳನಾಥನ ಗುಡಿಯಾದರೋ ಉತ್ತರಾಭಿಮುಖ. ಪೂರ್ವವನ್ನು 90, ಉತ್ತರವನ್ನು 0 ಎಂದು ಸ್ಥೂಲವಾಗಿ ಹಿಡಿದರೆ ಐದರ ಮಧ್ಯಮ ದಿಕ್ಕು ಸುಮಾರು 76 ಅಂಶ. ಪರಮಾವಧಿ 1 ಆಗಿರುವ ಏಕಾಗ್ರತಾಮಾನವೂ 0.82, ನೋಡಲು ಬಲು ಸೊಗಸು. ಆ ದಿಕ್ಕಿಗೆ ಮುಖಮಾಡಿದ ಗುಡಿ ಮಾತ್ರ ಇವುಗಳಲ್ಲಿ ಒಂದೂ ಇಲ್ಲ! ಎರಡು ಸಂಕಲ್ಪಗಳಿಗೆ ಎರಡು ಶಿಖರಗಳ ಮಿಶ್ರ ವಿತರಣೆಯೇ ತಕ್ಕುದು. ಅದಕ್ಕೂ ಐದು ಗುಡಿಗಳು ಸಾಲವು. ಕಂಪ್ಲಿ, ಸಂಡೂರುಗಳವರೆಗೆ ಗುಡಿಗಳನ್ನು ಅಳೆಯಬೇಕು.