ಬಿಸಿಲೂರಿನಲ್ಲಿ ಡಿವಿಡಿ ರೆಕಾರ್ಡರ್

ಟಿವಿ ಬೆಂಗಳೂರಿಗಿಂತ ಮೊದಲು ಕಲಬುರಗಿಗೆ ಬಂತು ಎಂದರೆ ಈಗಿನ ಹುಡುಗರು ನಗುತ್ತಾರೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಕಾರ್ಯಕ್ರಮಗಳು ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ನೇರ ಬಂದಿಳಿದವು. 1977ರಲ್ಲಿ ಗುಲಬರ್ಗಾದಲ್ಲೇ ಟ್ರಾನ್ಸ್‌ಮಿಟರ್ ನಿಂತಿತು. ಬೆಂಗಳೂರು ದೂರದರ್ಶನ ಕಣ್ಣು ಬಿಟ್ಟದ್ದು 1981ರಲ್ಲಿ. ಹೀಗೆ ನೋಡುವುದರಲ್ಲಿ ಮುಂದಿದ್ದ ಊರಿಗೆ ನೋಡಿದ್ದನ್ನು ಕಾದಿಡುವ ಚಿಂತೆಯೂ ಹಳೆಯದೇ. ಮದುವೆ, ಶರಣಬಸವೇಶ್ವರ ಜಾತ್ರೆಯ ತೇರು, ಬಂದೇನವಾಜ್ ಉರುಸ್ ತುಂಬಿಕೊಂಡ ವಿಎಚ್‌ಎಸ್ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಅಲ್ಮಾರಿಯಲ್ಲಿ ಇನ್ನೂ ಕೂತಿವೆ. ಅವುಗಳನ್ನು ‘ಸಿಡಿಗೆ ಹೊಡೆಸುವ’ ಕೆಲಸಕ್ಕಾಗಿಯೇ ಹಳೆಯ ಡಿವಿಡಿ ರೆಕಾರ್ಡರುಗಳಿಗೆ ಇವತ್ತೂ ಗಿರಾಕಿ ಸಿಗುತ್ತಾರೆ.

ಮನೆಬಳಕೆಯ ಮೊದಲ ಡಿವಿಡಿ ರೆಕಾರ್ಡರನ್ನು ಪಯೋನಿಯರ್ ಕಂಪನಿ 1999ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಿತು. ಪ್ಯಾನಾಸೋನಿಕ್, ಫಿಲಿಪ್ಸ್ ಬೆನ್ನಿಗೇ ಬಂದವು. ಆಮೇಲೆ ಸೋನಿ, ಎಲ್‌ಜಿ. ಎಲ್ಲರದೂ ಒಂದೇ 4.7 ಗಿಗಾಬೈಟ್‌ನ ಡಿಸ್ಕ್, ಒಂದೇ ಎಂಪೆಗ್-2 ವಿಧಾನ. ಹಾಗಿದ್ದ ಮೇಲೆ ಚಿತ್ರದಲ್ಲಿ ಫರಕು ಎಲ್ಲಿಂದ ಬರುತ್ತದೆ?

ಅದು ಬರುವುದು ಹೆಚ್ಚಾಗಿ ಲಾಂಗ್‌ಪ್ಲೇಯಲ್ಲಿ. ಒಂದು ಡಿಸ್ಕಿಗೆ ಒಂದೇ ತಾಸು ತುಂಬಿದರೆ ಸೆಕೆಂಡಿಗೆ ಸುಮಾರು 10 ಮೆಗಾಬಿಟ್ ಸಿಗುತ್ತದೆ. ಎರಡು ತಾಸಿಗೆ 5, ನಾಲ್ಕು ತಾಸಿಗೆ ಎರಡೂವರೆ, ಆರು ತಾಸಿಗೆ ಎರಡಕ್ಕೂ ಕಡಿಮೆ. ಎರಡು ತಾಸಿನ ಎಸ್‌ಪಿವರೆಗೆ ಒಳ್ಳೆಯ ಕಂಪನಿಗಳ ನಡುವೆ ಕಣ್ಣಿಗೆ ಕಾಣುವ ಅಂತರ ಕಡಿಮೆ. ನಾಲ್ಕು ತಾಸಿನ ಎಲ್‌ಪಿಗೆ ಇಳಿದಾಗ ಬಹುಪಾಲು ಯಂತ್ರಗಳು ಅಡ್ಡ ಸಾಲಿನ 720 ಚುಕ್ಕೆಗಳನ್ನು 352ಕ್ಕೆ ಕತ್ತರಿಸುತ್ತವೆ, ಮುಖಗಳು ಮೆತ್ತಗಾಗುತ್ತವೆ. ಪ್ಯಾನಾಸೋನಿಕ್‌ನ ನಂತರದ ಮಾದರಿಗಳು ಎಲ್‌ಪಿಯಲ್ಲೂ ಪೂರ್ಣ ವಿವರ ಉಳಿಸಿಕೊಂಡವು. ಉಳಿದ ಜಾಗಕ್ಕೆ ತಕ್ಕಂತೆ ದರವನ್ನು ತಾನೇ ಲೆಕ್ಕ ಹಾಕುವ ಎಫ್‌ಆರ್ ಮೋಡ್ ಅದರ ಇನ್ನೊಂದು ಜಾಣತನ. ಪಯೋನಿಯರ್ ಬೇರೆ ದಾರಿ ಹಿಡಿದು ಮೂವತ್ತಕ್ಕೂ ಹೆಚ್ಚು ಮೆಟ್ಟಿಲುಗಳ ಮ್ಯಾನುವಲ್ ಆಯ್ಕೆ ಕೊಟ್ಟಿತು. ರಿಮೋಟು ಹಿಡಿದು ತಾಸುಗಟ್ಟಲೆ ಕೂರುವ ಚಾಳಿಯವರಿಗೆ ಅದು ಹಬ್ಬ, ಮಿಕ್ಕವರಿಗೆ ತಲೆನೋವು.

ಆದರೆ ಇಲ್ಲೊಂದು ಗಮ್ಮತ್ತಿದೆ. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಇರುವುದೇ 240 ಗೆರೆಗಳ ಆಸುಪಾಸಿನ ವಿವರ. ಲೆಕ್ಕದ ಪ್ರಕಾರ 352 ಚುಕ್ಕೆ ಧಾರಾಳ ಸಾಕು, ಎಲ್‌ಪಿಯಲ್ಲಿ ಹೊಡೆದರೂ ನಷ್ಟವಿರಬಾರದು. ಆದರೂ ಇಪ್ಪತ್ತೈದು ವರ್ಷ ಹಳೆಯ ಮದುವೆ ಕ್ಯಾಸೆಟ್ಟು ಎಲ್‌ಪಿಯಲ್ಲಿ ಚೌಕ ಚೌಕವಾಗಿ ಒಡೆಯುತ್ತದೆ. ಟೇಪಿನ ಮೇಲೆ ಸದಾ ಮಿನುಗುವ ಕಾಳುಕಾಳು ಯಾವುದು, ಮದುಮಗಳ ಸೀರೆಯ ಜರಿ ಯಾವುದು ಎಂದು ಯಂತ್ರಕ್ಕೆ ತಿಳಿಯದು. ಸಿಕ್ಕ ಬಿಟ್ಟುಗಳನ್ನೆಲ್ಲ ಕಾಳಿಗೇ ಸುರಿದು ಜರಿಗೆ ಏನೂ ಉಳಿಸುವುದಿಲ್ಲ. ಆದ್ದರಿಂದ ಹೊಸ, ಶುಭ್ರ ಪ್ರಸಾರಕ್ಕಿಂತ ಹಳೆಯ ಟೇಪಿಗೇ ಹೆಚ್ಚು ದರ ಬೇಕು. ಮೂರು ತಾಸಿನ ಕ್ಯಾಸೆಟ್ಟಿಗೆ ಎರಡು ಡಿಸ್ಕ್ ಎಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಬಾಳಿಕೆಯ ಮಾತು ಬಂದಾಗ ಮಾತ್ರ ಜಪಾನಿನ ಮಾಪನ ಕಲಬುರಗಿಗೆ ಹೊಂದುವುದಿಲ್ಲ. ಮಂಗಳೂರಿನಲ್ಲಿ ಕ್ಯಾಸೆಟ್ಟಿಗೆ ಬೂಸು ಹಿಡಿಯುತ್ತದೆ. ಇಲ್ಲಿಯ ಒಣಹವೆಯಲ್ಲಿ ಆ ಕಾಟ ಕಡಿಮೆ, ಟೇಪು ಉಳಿಯುತ್ತದೆ, ಬೇಯುವುದು ಯಂತ್ರ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ. ಶೋಕೇಸಿನೊಳಗೆ, ಸೆಟ್‌ಟಾಪ್ ಬಾಕ್ಸಿನ ಕೆಳಗೆ ತುರುಕಿದ ರೆಕಾರ್ಡರಿನ ಹೊಟ್ಟೆಯಲ್ಲಿ ಇನ್ನೂ ಜಾಸ್ತಿ. ಪವರ್ ಸಪ್ಲೈ ಬೋರ್ಡಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ ಎಂಬುದು ರಿಪೇರಿಯವರೂ ಎಂಜಿನಿಯರುಗಳೂ ಒಪ್ಪುವ ಅಂದಾಜು. ಆನ್ ಮಾಡಿದಾಗ ಲೈಟು ಮಿಣುಕಿ ಆರಿಹೋಗುವ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಬಿಚ್ಚಿಸಿ ನೋಡಿದರೆ ಎಷ್ಟೋ ಸಲ ಸಿಗುವುದು ತಲೆ ಉಬ್ಬಿದ ಒಂದೆರಡು ಕೆಪ್ಯಾಸಿಟರುಗಳು. ಅವಕ್ಕೆ ಕೆಲವು ರೂಪಾಯಿ ಅಷ್ಟೆ. ಲೇಸರ್ ಹೆಡ್ ಹೋದದ್ದಾದರೆ ಕಷ್ಟ, ಬಿಡಿಭಾಗ ಸಿಗುವುದಿಲ್ಲ. ಓದುವುದಕ್ಕಿಂತ ಬರೆಯುವುದಕ್ಕೆ ಲೇಸರಿನ ಶಕ್ತಿ ಬಹಳ ಹೆಚ್ಚು ಬೇಕಾದ್ದರಿಂದ, ಸಿನಿಮಾ ಚೆನ್ನಾಗಿ ಆಡಿಸುವ ರೆಕಾರ್ಡರು ಬರೆಯಲಾರದೆ ಹೋಗುವುದುಂಟು.

ಇನ್ನು ಕರೆಂಟು. ಹುಮನಾಬಾದ್ ರಸ್ತೆಯ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು; ಆ ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಬಾಳೆ ಎಂದರೆ ನೀರು, ನೀರೆಂದರೆ ಪಂಪ್‌ಸೆಟ್ಟು. ಮೋಟಾರುಗಳು ಒಟ್ಟಿಗೆ ಎಳೆಯತೊಡಗಿದರೆ ಲೈನಿನ ವೋಲ್ಟೇಜ್ ಬೀಳುತ್ತದೆ. ಅಂಥ ಕಡೆ ರೆಕಾರ್ಡರಿಗೆ ಸ್ಟೆಬಿಲೈಜರ್ ಮಾತ್ರ ಸಾಲದು. ಹೆಚ್ಚಿನ ಯಂತ್ರಗಳು ಡಿಸ್ಕಿನ ಅನುಕ್ರಮಣಿಕೆಯನ್ನು ಬರೆಯುವುದು ಸ್ಟಾಪ್ ಒತ್ತಿದ ಮೇಲೆ; ಒಂದು ತಾಸು ಐವತ್ತು ನಿಮಿಷಕ್ಕೆ ಕರೆಂಟು ಹೋದರೆ ಅಷ್ಟೂ ಹೊತ್ತಿನ ಬರಹ ಡಿಸ್ಕಿನ ಮೇಲಿದ್ದೂ ಇಲ್ಲದಂತೆ. ಕಂಪ್ಯೂಟರಿಗೆ ಇಡುವ ಸಣ್ಣ ಯುಪಿಎಸ್ ಈ ಕೆಲಸಕ್ಕೆ ಸಾಕು. ವಿಸಿಆರನ್ನೂ ಅದಕ್ಕೇ ಹಚ್ಚಬೇಕು, ಇಲ್ಲದಿದ್ದರೆ ರೆಕಾರ್ಡರು ನೀಲಿ ಪರದೆಯನ್ನು ನಿಷ್ಠೆಯಿಂದ ಬರೆಯುತ್ತಾ ಕೂರುತ್ತದೆ.

ಫೈನಲೈಸ್ ಮಾಡುವುದನ್ನು ನಾಳೆಗೆ ಬಿಡುವವರಿಗೆ ಡಿವಿಡಿ-ಆರ್ ಅಪಾಯದ್ದು. ಆ ಕೊನೆಯ ಮುದ್ರೆ ಬೀಳುವ ಮೊದಲೇ ಯಂತ್ರ ಸತ್ತರೆ ಡಿಸ್ಕು ಬೇರೆ ಪ್ಲೇಯರಿನಲ್ಲಿ ಬಾಯಿ ಬಿಡುವುದಿಲ್ಲ. ಫಿಲಿಪ್ಸ್ ಬೆಂಬಲಿಸಿದ ಡಿವಿಡಿ+ಆರ್‌ಡಬ್ಲ್ಯೂಗೆ ಈ ಹಂಗಿಲ್ಲ. ಪ್ಯಾನಾಸೋನಿಕ್‌ನ ಮುದ್ದಿನ ಡಿವಿಡಿ-ರ‍್ಯಾಮ್ ಲಕ್ಷ ಸಲ ಅಳಿಸಿ ಬರೆಯಬಲ್ಲ ಗಟ್ಟಿಗ, ಆದರೆ ಮಾರುಕಟ್ಟೆಯ ಅಗ್ಗದ ಪ್ಲೇಯರುಗಳು ಅದನ್ನು ಗುರುತಿಸುವುದೇ ಇಲ್ಲ.

ಡಿಸ್ಕ್ ಆರಿಸುವಾಗ ಡಬ್ಬಿಯ ಮೇಲಿನ ಹೆಸರು ನಂಬುವಂಥದ್ದಲ್ಲ. ಮಾರುವವರು ಒಬ್ಬರು, ತಯಾರಿಸಿದವರು ಇನ್ನೊಬ್ಬರು. 1983ರಲ್ಲಿ ಹುಟ್ಟಿ ಕೋಟಿಗಟ್ಟಲೆ ಡಿಸ್ಕ್ ಒತ್ತಿದ ನಮ್ಮದೇ ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಬಾಗಿಲು ಹಾಕಿದ ಮೇಲೆ ಅಂಗಡಿಗಳಲ್ಲಿ ಉಳಿದದ್ದು ಹಳೆಯ ದಾಸ್ತಾನು. ಬಿಸಿಲು ಬೀಳುವ ಗಾಜಿನ ಕಪಾಟಿನ ಡಿಸ್ಕನ್ನು ಪುಕ್ಕಟೆ ಕೊಟ್ಟರೂ ಬೇಡ. ಬರೆಯುವ ಬಣ್ಣದ ಪದರಕ್ಕೆ ಬೆಳಕೂ ಶಾಖವೂ ಶತ್ರು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ವಿಸಿಆರ್-ಡಿವಿಡಿ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೋಗೆ ಮೊದಲು ಕೈ ಹಾಕುತ್ತಾರೆ. ವೈರುಗಳ ರಗಳೆ ಇಲ್ಲವೆಂಬುದು ನಿಜ. ಒಂದು ಕೆಟ್ಟರೆ ಎರಡೂ ಟೇಬಲ್ಲಿನ ಮೇಲೆ ಎಂಬುದೂ ಅಷ್ಟೇ ನಿಜ. ಬೇರೆ ಬೇರೆ ಯಂತ್ರಗಳೇ ಮೇಲು. ಪ್ಯಾನಾಸೋನಿಕ್‌ನ ಡಿಎಂಆರ್-ಇಎಸ್10, ಇಎಸ್15 ಕಣ್ಣಿಗೆ ಬಿದ್ದರೆ, ಡ್ರೈವ್ ಸತ್ತಿದ್ದರೂ ಬಿಡಬಾರದು. ಹಿಗ್ಗಿದ, ಸವೆದ ಟೇಪಿನಿಂದ ಬರುವ ಚಿತ್ರದ ಮೇಲ್ತುದಿ ಬಾವುಟದಂತೆ ಬಾಗಿ ಹರಿದಾಡುವುದನ್ನು ನೆಟ್ಟಗೆ ಮಾಡುವುದರಲ್ಲಿ ಇವೆರಡಕ್ಕೂ ಕ್ಯಾಸೆಟ್ಟಿನ ಹುಚ್ಚರ ನಡುವೆ ದೇಶದೇಶಗಳಲ್ಲಿ ಹೆಸರಿದೆ. ವಿಸಿಆರಿನ ವೈರನ್ನು ಇದಕ್ಕೆ ಕೊಟ್ಟು, ಇದರ ಔಟ್‌ಪುಟ್ಟನ್ನು ಬರೆಯಬಲ್ಲ ಇನ್ನೊಂದು ರೆಕಾರ್ಡರಿಗೋ ಕಂಪ್ಯೂಟರಿಗೋ ಹಚ್ಚಿದರಾಯಿತು. ಡಿಸ್ಕಿನ ಟ್ರೇ ತೆರೆಯಲೇಬೇಕಿಲ್ಲ.