ಯಾರ ಲೆಕ್ಕದಲ್ಲಿ ಹೆಚ್ಚುವರಿ?

ಅರ್ಥಶಾಸ್ತ್ರ ಓದಿದವರಿಗೆಲ್ಲ ಆರ್ಥರ್ ಲೂಯಿಸ್ ಹೆಸರು ಗೊತ್ತು; ಅವರ ಪ್ರಬಂಧವನ್ನೇ ಓದಿದವರು ಕಡಿಮೆ. ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದಲ್ಲಿ ಹುಟ್ಟಿದ ಲೂಯಿಸ್ 1954ರಲ್ಲಿ ಬರೆದದ್ದು ಇಂದು ಪಠ್ಯಪುಸ್ತಕಗಳಲ್ಲಿ ಒಂದು ನಕ್ಷೆಯಾಗಿ ಉಳಿದಿದೆ. ಒಂದು ಕಡೆ ಹಳ್ಳಿ: ನಾಲ್ವರ ಕೆಲಸಕ್ಕೆ ಆರು ಜನ, ಇದ್ದ ಗಂಜಿಯನ್ನೇ ಎಲ್ಲರೂ ಹಂಚಿಕೊಳ್ಳುವುದು. ಇನ್ನೊಂದು ಕಡೆ ನಗರದ ಬಂಡವಾಳ. ಹಳ್ಳಿಯ ಗಳಿಕೆಗಿಂತ ಶೇಕಡಾ 30ರಷ್ಟು ಹೆಚ್ಚು ಕೊಟ್ಟರೆ ಜನ ಬರುತ್ತಲೇ ಇರುತ್ತಾರೆ. ಕೂಲಿ ಏರುವುದಿಲ್ಲ, ಲಾಭ ಮರುಹೂಡಿಕೆಯಾಗುತ್ತದೆ. ಹೆಚ್ಚುವರಿ ಜನ ಮುಗಿದ ದಿನ ಎಲ್ಲರ ಕೂಲಿಯೂ ಏರುತ್ತದೆ.

ಇದರ ಮೇಲಿನ ಹಳೆಯ ಜಗಳ ಪ್ರಸಿದ್ಧ. 1918ರ ಇನ್‌ಫ್ಲುಯೆಂಜಾದಲ್ಲಿ ಭಾರತದ ಹಳ್ಳಿಗಳು ಲಕ್ಷಾಂತರ ಜನರನ್ನು ಕಳೆದುಕೊಂಡಾಗ ಬಿತ್ತನೆಯೂ ಕುಗ್ಗಿತು, ಹಾಗಾದರೆ ಅವರು ಹೆಚ್ಚುವರಿ ಹೇಗಾದರು ಎಂದರು ಥಿಯೊಡೊರ್ ಶುಲ್ಟ್ಸ್. ಅಮರ್ತ್ಯ ಸೇನ್ ಆ ಲೆಕ್ಕವನ್ನೇ ಪ್ರಶ್ನಿಸಿದರು. 1979ರ ನೊಬೆಲ್ ಲೂಯಿಸ್ ಮತ್ತು ಶುಲ್ಟ್ಸ್ ಇಬ್ಬರಿಗೂ ಹಂಚಿಕೆಯಾಯಿತು.

ನನ್ನ ತಕರಾರು ಬೇರೆ. ನಕ್ಷೆಯಲ್ಲಿ ಎರಡು ವಲಯಗಳ ನಡುವೆ ಗೆರೆಯಿದೆ. ಬದುಕಿನಲ್ಲಿ ಆ ಗೆರೆ ಒಂದೇ ಮನೆಯ ನಡುವೆ ಹಾದುಹೋಗುತ್ತದೆ. ಮುಂಬಯಿಯ ಗಿರಣಗಾಂವನ್ನೇ ನೋಡಿ. ರತ್ನಾಗಿರಿಯ ಗಂಡಸರು ಮಿಲ್ಲಿಗೆ ಬಂದರು. ಹೆಂಗಸರು, ಮುದುಕರು ಕೊಂಕಣದ ತುಂಡು ಹೊಲದಲ್ಲಿ ಉಳಿದರು. ಮಿಲ್ಲಿನವರು ಒಬ್ಬನ ಹೊಟ್ಟೆಗೆ ಕೂಲಿ ಕೊಟ್ಟರು. ಮಕ್ಕಳನ್ನು ಬೆಳೆಸಿದ್ದು, ಕಾಯಿಲೆಯವರನ್ನು ನೋಡಿಕೊಂಡಿದ್ದು, ಮುಪ್ಪಿಗೆ ಜಾಗ ಕೊಟ್ಟಿದ್ದು ಊರು. 1982ರ ಜನವರಿಯಲ್ಲಿ ಎರಡು ಲಕ್ಷಕ್ಕೂ ಮೀರಿ ಕಾರ್ಮಿಕರು ಮುಷ್ಕರ ಹೂಡಿದಾಗ ಬಹಳ ಮಂದಿ ದಿನ ದೂಡಲು ಹಿಂದಿರುಗಿದ್ದೂ ಊರಿಗೇ.

2020ರ ಲಾಕ್‌ಡೌನ್‌ನಲ್ಲಿ ಇದು ದೇಶದ ಅಂಕಿಅಂಶಗಳಲ್ಲೇ ಕಾಣಿಸಿತು. ಸರ್ಕಾರದ ಶ್ರಮಬಲ ಸಮೀಕ್ಷೆಯ ಪ್ರಕಾರ 2018-19ರಲ್ಲಿ ದುಡಿಯುವವರಲ್ಲಿ ಶೇಕಡಾ 42.5 ಮಂದಿ ಕೃಷಿಯಲ್ಲಿದ್ದರು, 2020-21ರಲ್ಲಿ 46.5. ನಕ್ಷೆಯ ಬಾಣ ಹಿಂದಕ್ಕೆ ತಿರುಗಿತ್ತು. ಅಷ್ಟು ಕೈಗಳು ಹೊಲಕ್ಕೆ ಬೇಕಾಗಿದ್ದವೆಂದಲ್ಲ. ನಗರ ಕೈಬಿಟ್ಟವರಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಹಾಗೆಂದು ಲೂಯಿಸ್ ಕುರುಡರಾಗಿದ್ದರು ಎನ್ನಲಾರೆ. ಪಠ್ಯಪುಸ್ತಕಗಳು ಕೈಬಿಟ್ಟ ಒಂದು ಭಾಗ ಆ ಪ್ರಬಂಧದಲ್ಲಿದೆ. ಹಳ್ಳಿಯ ಉತ್ಪಾದನೆ ಏರಿದರೆ ನಗರದ ಕೂಲಿಯೂ ಏರಬೇಕಾಗುತ್ತದೆ. ಆದ್ದರಿಂದ ಹಳ್ಳಿ ಬಡವಾಗಿಯೇ ಇರುವುದು ಬಂಡವಾಳಿಗರಿಗೆ ಲಾಭ ಎಂದು ಅವರು ನೇರವಾಗಿ ಹೇಳುತ್ತಾರೆ. ಆಫ್ರಿಕದ ವಸಾಹತುಗಳಲ್ಲಿ ಜಮೀನು ಕಸಿದು, ತಲೆಗಂದಾಯ ಹಾಕಿ ಜನರನ್ನು ಕೂಲಿಗೆ ದೂಡಿದ್ದನ್ನು ನೆನಪಿಸುತ್ತಾರೆ. ಅಂದರೆ ಹೆಚ್ಚುವರಿ ಶ್ರಮ ನಿಸರ್ಗ ಕೊಟ್ಟದ್ದಲ್ಲ, ಮಾಡಿಟ್ಟದ್ದೂ ಹೌದು. ಪ್ರಬಂಧದ ಅತ್ಯಂತ ಹರಿತವಾದ ಮಾತು ಇದೇ.

ಆದರೆ ಅವರು ಅದನ್ನು ಪೂರ್ತಿ ಬೆಳೆಸುವುದಿಲ್ಲ. ಮನೆಯ ಹೆಣ್ಣುಮಕ್ಕಳನ್ನೂ ಮುಂದೆ ಕೂಲಿಗೆ ಸಿಗಬಹುದಾದ ಶ್ರಮವೆಂದೇ ಎಣಿಸುತ್ತಾರೆ. ಊರಲ್ಲೇ ಉಳಿದು, ನಗರದ ಅಗ್ಗದ ಕೂಲಿಗೆ ಆಧಾರವಾದವಳ ದುಡಿಮೆ ಅವರ ಲೆಕ್ಕಕ್ಕೆ ಬರುವುದಿಲ್ಲ.

ಊರಲ್ಲಿ ಯಾರನ್ನೋ ಬಿಟ್ಟು ಬಂದಿರುವ ನಾವು ಈ ಪ್ರಬಂಧವನ್ನು ಮೂಲದಲ್ಲೇ ಓದಬೇಕು. ಲೂಯಿಸ್ ತಮ್ಮ ನಕ್ಷೆಗಿಂತ ದೊಡ್ಡವರು. ಓದುವಾಗ ಹೆಚ್ಚುವರಿ ಎಂಬ ಪದ ಬಂದಲ್ಲೆಲ್ಲ, ಯಾರ ಲೆಕ್ಕದಲ್ಲಿ ಎಂದು ಕೇಳಿಕೊಂಡರೆ ಸಾಕು.